ಕೂತು ತಿನ್ನಿ, ಕಟ್ಟಿಕೊಂಡು ಹೋಗಬೇಡಿ



ಪ್ರಭು ಯೇಸು ಅಡುಗೆ ಮಾಡಿದ್ದು ಶುಭಸಂದೇಶದಲ್ಲಿ ಎಲ್ಲಿ ಬರುತ್ತದೆ ಎಂದು ಯಾರಾದರೂ ಕೇಳಿದರೆ ಏನೆನ್ನುತ್ತೀರಿ? ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು ಹೀಗೆ ಕೇಳಿದರೆ ಕೆಲವರು ಕಾನಾ ಊರಿನ ಮದುವೆ ಎನ್ನುತ್ತಾರೆ, ಕೆಲವರು ಐದು ರೊಟ್ಟಿ ಎರಡು ಮೀನು ಎನ್ನುತ್ತಾರೆ. ಕಾನಾದಲ್ಲಿ ಅವರು ದ್ರಾಕ್ಷಾರಸ ಒದಗಿಸಿದರು, ಬೆಟ್ಟದ ತಪ್ಪಲಿನಲ್ಲಿ ರೊಟ್ಟಿ ಹಂಚಿದರು. ಎರಡೂ ಕಡೆ ಒಲೆಯ ಮುಂದೆ ಕೂತವರಲ್ಲ. ಒಲೆಯ ಮಾತು ಬರುವುದು ಸಂತ ಯೊವಾನ್ನರ ಶುಭಸಂದೇಶದ ಕಟ್ಟಕಡೆಯ ಅಧ್ಯಾಯದಲ್ಲಿ, ಅದೂ ಪುನರುತ್ಥಾನದ ನಂತರ. ತಿಬೇರಿಯ ಸರೋವರದ ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ರಾತ್ರಿಯಿಡೀ ಬಲೆ ಬೀಸಿ ಬಳಲಿ ಬಂದ ಶಿಷ್ಯರನ್ನು ಪ್ರಭು ಬೆಳಗಿನ ಊಟಕ್ಕೆ ಕರೆಯುತ್ತಾರೆ. ಸಾವನ್ನೇ ಗೆದ್ದು ಬಂದವರು ಮೀನು ಸುಟ್ಟುಕೊಂಡು ಕಾಯುತ್ತಿದ್ದರು!

ಇಲ್ಲಿ ಕ್ರಮವನ್ನು ಗಮನಿಸಿ. ಆ ಶಿಷ್ಯರ ನಡುವೆ ಪೇತ್ರರಿದ್ದರು. ಕೆಲವೇ ದಿನಗಳ ಹಿಂದೆ ಪ್ರಧಾನ ಯಾಜಕನ ಅಂಗಳದಲ್ಲಿ, ಇಂಥದೇ ಕೆಂಡದ ಮುಂದೆ ಚಳಿ ಕಾಯಿಸಿಕೊಳ್ಳುತ್ತ, ತಮ್ಮ ಗುರುವನ್ನು ತಾವು ಅರಿಯೆವೆಂದು ಮೂರು ಸಲ ಹೇಳಿದ ಪೇತ್ರರು. ಅವರೊಡನೆ ಆಡಬೇಕಾದ ಕಷ್ಟದ ಮಾತು ಒಂದು ಬಾಕಿ ಇತ್ತು. ಪ್ರಭು ಆ ಮಾತು ಎತ್ತಿದ್ದು ಊಟ ಮುಗಿದ ಮೇಲೆ. ಸಂತ ಯೊವಾನ್ನರು ಈ ಕ್ರಮವನ್ನು ಮರೆಯದೆ ಬರೆದಿಟ್ಟಿದ್ದಾರೆ. ಮೊದಲು ರೊಟ್ಟಿ, ಆಮೇಲೆ ಪ್ರೀತಿಯ ಪ್ರಶ್ನೆ.

ಸೆಮಿನರಿಯಲ್ಲಿ ಈ ಅಧ್ಯಾಯವನ್ನು ಗ್ರೀಕ್ ಪದಗಳ ಸಮೇತ ನಮಗೆ ಕಲಿಸಿದ್ದರು. ಅದನ್ನು ಅಡುಗೆಮನೆಯ ಜೊತೆಗಿಟ್ಟು ಓದುವುದನ್ನು ನಾನು ಕಲಿತದ್ದು ಅಮೆರಿಕದ ಒಂದು ಪುಟ್ಟ ಊರಿನಲ್ಲಿ. ಅಲ್ಲಿನ ಹಳ್ಳಿಗಾಡಿನ ಧರ್ಮಪ್ರಾಂತ್ಯಗಳಲ್ಲಿ ಗುರುಗಳ ಕೊರತೆ ಇದೆ. ಭಾರತದಿಂದ ಅನೇಕ ಗುರುಗಳು ಕೆಲವು ವರ್ಷಗಳ ಸೇವೆಗೆಂದು ಅಲ್ಲಿಗೆ ಹೋಗುತ್ತಾರೆ. ಹಾಗೆ ಕಾನ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ನಾಲ್ಕು ವರ್ಷ ಇದ್ದೆ. ಅಮೆರಿಕವೆಂದರೆ ನ್ಯೂಯಾರ್ಕಿನ ಮುಗಿಲು ಮುಟ್ಟುವ ಕಟ್ಟಡಗಳೆಂದು ತಿಳಿದವರು ಆ ಸೀಮೆಯನ್ನೊಮ್ಮೆ ನೋಡಬೇಕು. ಕಣ್ಣು ಹಾಯುವವರೆಗೆ ಗೋಧಿಯ ಹೊಲ. ಮರಗಳೇ ಕಡಿಮೆ. ಬೇಲಿಗೆ ಮರದ ಕಂಬ ಸಿಗದೆ ಹಿಂದಿನವರು ಸುಣ್ಣದಕಲ್ಲನ್ನು ಸೀಳಿ ಕಂಬ ಮಾಡಿ ನೆಟ್ಟಿದ್ದಾರೆ, ಅವು ಇಂದಿಗೂ ನಿಂತಿವೆ. ದೂರದಿಂದ ಒಂದು ಊರು ಬಂತೆಂದು ತಿಳಿಯುವುದು ಎರಡೇ ಗುರುತಿನಿಂದ. ಒಂದು, ಗೋಧಿ ತುಂಬುವ ಎತ್ತರದ ಬಿಳಿಯ ಕಣಜ. ಇನ್ನೊಂದು, ದೇವಾಲಯದ ಗೋಪುರ.

ಆ ಗೋಪುರಗಳ ಕತೆ ಹೇಳದೆ ಅಲ್ಲಿನ ಅಡುಗೆಯ ಕತೆ ಹೇಳಲಾಗುವುದಿಲ್ಲ. ರಷ್ಯದ ಚಕ್ರವರ್ತಿನಿ ಎರಡನೆಯ ಕ್ಯಾಥರೀನ್ 1763ರಲ್ಲಿ ಹೊರದೇಶದ ರೈತರನ್ನು ತನ್ನ ರಾಜ್ಯದಲ್ಲಿ ನೆಲೆಸಲು ಕರೆದಳು. ಜರ್ಮನಿಯ ಬಡವರು ವೋಲ್ಗಾ ನದಿಯ ದಂಡೆಗೆ ಹೋಗಿ ಹಳ್ಳಿ ಕಟ್ಟಿದರು. ಅವರಲ್ಲಿ ಕಥೋಲಿಕರೂ ಬಹಳ ಮಂದಿ. ಸೈನ್ಯಕ್ಕೆ ಸೇರಬೇಕಾಗಿಲ್ಲ, ತಮ್ಮ ಧರ್ಮ ತಾವು ಪಾಲಿಸಬಹುದು ಎಂಬ ಮಾತಿನ ಮೇಲೆ ನೂರು ವರ್ಷ ಬಾಳಿದರು. 1874ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂದಾಗ ಆ ಮಾತು ಮುರಿದುಬಿತ್ತು. ಅನೇಕರು ಮತ್ತೆ ಗಂಟುಮೂಟೆ ಕಟ್ಟಿದರು. 1876ರಲ್ಲಿ ಕಾನ್ಸಾಸಿನ ಎಲ್ಲಿಸ್ ಕೌಂಟಿಗೆ ಬಂದಿಳಿದ ಕುಟುಂಬಗಳು ತಮ್ಮ ಹೊಸ ಊರುಗಳಿಗೆ ವೋಲ್ಗಾ ದಂಡೆಯ ಹಳೆಯ ಊರುಗಳ ಹೆಸರನ್ನೇ ಇಟ್ಟವು: ಕ್ಯಾಥರಿನ್, ಮುಂಜೋರ್, ಫೈಫರ್, ಶೋನ್‌ಶೆನ್. ಹೆರ್ಟ್ಸೋಗ್ ಎಂಬ ಊರು ಪಕ್ಕದ ವಿಕ್ಟೋರಿಯದೊಡನೆ ಸೇರಿಹೋಯಿತು.

ವಿಕ್ಟೋರಿಯದಲ್ಲಿ ಸಂತ ಫಿಡೆಲಿಸರ ದೇವಾಲಯವನ್ನು ಅವರು 1908ರಿಂದ 1911ರವರೆಗೆ ಕಟ್ಟಿದರು. ಹನ್ನೆರಡು ವರ್ಷ ದಾಟಿ ಪರಮಪ್ರಸಾದ ಸ್ವೀಕರಿಸುವ ಪ್ರತಿಯೊಬ್ಬರ ಪಾಲಿಗೆ 45 ಡಾಲರ್ ಹಣ ಮತ್ತು ಆರು ಗಾಡಿ ಕಲ್ಲು ಎಂದು ಗೊತ್ತುಮಾಡಿದ್ದರು. ಮನೆಯಲ್ಲಿ ಎಂಟು ಜನರಿದ್ದರೆ ನಲವತ್ತೆಂಟು ಗಾಡಿ ಕಲ್ಲು! ಕಲ್ಲಿನ ಹೊಂಡದಿಂದ ಕುದುರೆಗಾಡಿಯಲ್ಲಿ ಹೇರಿ ತಂದರು. 141 ಅಡಿಯ ಅವಳಿ ಗೋಪುರಗಳು ಎದ್ದವು. ಬಯಲಿನ ಮಹಾದೇವಾಲಯವೆಂದು ಜನ ಅದನ್ನು ಕರೆದರು. 2014ರಲ್ಲಿ ಅದಕ್ಕೆ ಕಿರಿಯ ಬಸಿಲಿಕ ಎಂಬ ಗೌರವ ದೊರೆಯಿತು.

ಆ ಕಲ್ಲು ಹೊತ್ತವರಿಗೆ ಹೊಟ್ಟೆಗೆ ಏನಿತ್ತು? ಗೋಧಿ, ಎಲೆಕೋಸು, ಈರುಳ್ಳಿ, ಆಲೂಗಡ್ಡೆ, ಹುರುಳಿಕಾಯಿ, ಕೋಳಿ, ಹಸುವಿನ ಹಾಲಿನ ಕೆನೆ. ಇಷ್ಟರಲ್ಲೇ ಅವರ ಎಲ್ಲ ಅಡುಗೆ. ಬೀರಾಕ್ ಎಂಬ ಒಂದು ತಿನಿಸು ಅಲ್ಲಿದೆ. ಹುಳಿ ಬರಿಸಿದ ಗೋಧಿಹಿಟ್ಟನ್ನು ಲಟ್ಟಿಸಿ ಚೌಕ ಚೌಕವಾಗಿ ಕತ್ತರಿಸಿ, ಕೊಚ್ಚಿದ ದನದ ಮಾಂಸ, ಎಲೆಕೋಸು, ಈರುಳ್ಳಿ, ಕರಿಮೆಣಸು ಹಾಕಿ ಬೇಯಿಸಿದ ಹೂರಣವನ್ನು ನಡುವೆ ಇಟ್ಟು, ನಾಲ್ಕು ಮೂಲೆಗಳನ್ನು ಸೇರಿಸಿ ಒತ್ತಿ ಮುಚ್ಚಿ, ಬೆಸುಗೆ ಕೆಳಗೆ ಬರುವಂತೆ ತಟ್ಟೆಯಲ್ಲಿಟ್ಟು ಸುಡುತ್ತಾರೆ. ಜೂನ್ ತಿಂಗಳ ಗೋಧಿ ಕೊಯ್ಲಿನಲ್ಲಿ ಗಂಡಸರು ಹೊಲ ಬಿಟ್ಟು ಬರುವಂತಿಲ್ಲ. ಬಿಸಿ ಬೀರಾಕ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಕ್ಕೇ ಕೊಡುತ್ತಿದ್ದರು. ತಟ್ಟೆ ಬೇಡ, ಚಮಚ ಬೇಡ. ನಮ್ಮ ರೈತರ ಬುತ್ತಿಯ ಹಾಗೆ. ಹುರುಳಿಕಾಯಿ, ಆಲೂಗಡ್ಡೆ, ಹಿಟ್ಟಿನ ಸಣ್ಣ ಕಡುಬು ಹಾಕಿ ಕೆನೆ ಸೇರಿಸಿದ ಒಂದು ಸಾರು. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಬಟ್ಟೆ ಹಾಸಿ ಮನೆಯೆಲ್ಲ ಒಣಹಾಕಿ, ಸಣ್ಣಗೆ ಹೆಚ್ಚಿದ ಶಾವಿಗೆಯ ಕೋಳಿಸಾರು. ನನ್ನ ನಾಲಿಗೆಗೆ ಎಲ್ಲವೂ ಸಪ್ಪೆಯೆನಿಸುತ್ತಿತ್ತು. ಉಪ್ಪಿನಕಾಯಿಯ ಶೀಶೆಯೊಂದು ನನ್ನ ಕೋಣೆಯಲ್ಲಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಆ ಸಾರಿನ ಬೋಗುಣಿಯ ಮುಂದೆ ಎಪ್ಪತ್ತು ವರ್ಷದ ರೈತನೊಬ್ಬ ಮಗುವಾಗಿ ಹೋಗುವುದನ್ನು ನೋಡಿದ್ದೇನೆ.

ಇನ್ನೊಂದು ಸಂಗತಿ. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದಾಗ ಜರ್ಮನ್ ಮಾತಾಡುವವರನ್ನೆಲ್ಲ ಅನುಮಾನದಿಂದ ನೋಡಿದರು. ಶಾಲೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಬಂತು. ಅಜ್ಜಂದಿರ ನುಡಿ ಮೊಮ್ಮಕ್ಕಳ ಬಾಯಿಂದ ಮೆಲ್ಲನೆ ಜಾರಿತು. ಅತ್ತ ವೋಲ್ಗಾ ದಂಡೆಯಲ್ಲೇ ಉಳಿದ ಬಂಧುಗಳ ಗತಿ ಇನ್ನೂ ದಾರುಣ. 1941ರಲ್ಲಿ ಸೋವಿಯತ್ ಸರ್ಕಾರ ಅವರನ್ನೆಲ್ಲ ಊರುಬಿಡಿಸಿ ಸೈಬೀರಿಯ, ಕಜಾಕ್‌ಸ್ತಾನಗಳಿಗೆ ಅಟ್ಟಿತು. ಅಣ್ಣನ ಮಕ್ಕಳು ಕಾನ್ಸಾಸಿನಲ್ಲಿ, ತಮ್ಮನ ಮಕ್ಕಳು ಎಲ್ಲಿದ್ದಾರೋ ತಿಳಿಯದು. ಹೋಗಿಬರುವುದೆಂಬ ಮಾತೇ ಇಲ್ಲ. ಮಾತು ಹೋಯಿತು, ಊರು ಹೋಯಿತು, ಸಾರು ಮಾತ್ರ ಉಳಿಯಿತು. ಬರೆದಿಡದೆ, ಶಾಲೆಯಲ್ಲಿ ಕಲಿಸದೆ, ತಾಯಿಯ ಕೈಯಿಂದ ಮಗಳ ಕೈಗೆ ದಾಟಿ ಉಳಿಯಿತು.

ಆದ್ದರಿಂದ ಆ ಜನರಿಗೆ ಮನೆಯ ಊಟವೆಂದರೆ ಬರಿಯ ರುಚಿಯ ಮಾತಲ್ಲ ಎಂಬುದು ನಿಮಗೆ ಅರ್ಥವಾಗಬಹುದು. ಈಗ ಅದಕ್ಕೂ ಕಂಟಕ ಬಂದಿದೆ.

ಹಿಂದೆ ಒಂದು ಕುಟುಂಬಕ್ಕೆ 160 ಎಕರೆ ಸಾಕೆಂದು ಸರ್ಕಾರವೇ ಲೆಕ್ಕಹಾಕಿ ಹಂಚಿತ್ತು. 1862ರ ಭೂಕಾಯಿದೆ ಅದು. ಟ್ರ್ಯಾಕ್ಟರ್ ಬಂತು, ಕೊಯ್ಲು-ಒಕ್ಕಣೆ ಎರಡನ್ನೂ ಒಟ್ಟಿಗೆ ಮಾಡುವ ದೊಡ್ಡ ಯಂತ್ರ ಬಂತು. ಹತ್ತಾರು ಕುಟುಂಬಗಳ ನೆಲವನ್ನು ಒಬ್ಬನೇ ಉಳಬಲ್ಲವನಾದ. ಉಳಿದವರ ಮಕ್ಕಳು ಹೈಸ್ಕೂಲು ಮುಗಿಸಿ ಹೊರಟರು. 1956ರ ಕಾಯಿದೆಯಿಂದ ಕಟ್ಟಿದ ಹೆದ್ದಾರಿ ಅವರನ್ನು ಡೆನ್ವರ್, ವಿಚಿಟಾ, ಕಾನ್ಸಾಸ್ ಸಿಟಿಗಳಿಗೆ ಒಯ್ದಿತು. ಆ ಬಯಲು ಸೀಮೆಯ ಅನೇಕ ಕೌಂಟಿಗಳಲ್ಲಿ ನೂರು ವರ್ಷಗಳ ಹಿಂದೆ ಇದ್ದಷ್ಟು ಜನ ಇಂದು ಇಲ್ಲ. ಶಾಲೆಗಳು ಮುಚ್ಚಿವೆ. ಮುಖ್ಯಬೀದಿಯ ಅಂಗಡಿಗಳ ಗಾಜಿಗೆ ಒಳಗಿಂದ ಕಾಗದ ಅಂಟಿಸಿದೆ. ಮನೆಗಳಲ್ಲಿ ಉಳಿದವರು ವಯಸ್ಸಾದವರು. ಅವರ ಕ್ಯಾಲೆಂಡರಿನಲ್ಲಿ ದಿನಗಳಿಗಿಂತ ಹೆಚ್ಚಾಗಿ ಮಕ್ಕಳ ಭೇಟಿಗಳಿವೆ.

ಆ ಭೇಟಿಗಳು ಯಾವಾಗ? ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾ ಹಬ್ಬ. ಅಧ್ಯಕ್ಷ ಲಿಂಕನ್ 1863ರಲ್ಲಿ ಅಂತರ್ಯುದ್ಧದ ನಡುವೆ ದೇಶವೆಲ್ಲ ಆಚರಿಸುವಂತೆ ಸಾರಿದ ಹಬ್ಬ ಅದು. ಆ ದಿನ ಟರ್ಕಿ ಕೋಳಿಯ ಪಕ್ಕದಲ್ಲಿ ಬೀರಾಕ್ ತಟ್ಟೆಯೂ ಇರುತ್ತದೆ. ಆಮೇಲೆ ಕ್ರಿಸ್ಮಸ್. ತಪಸ್ಸುಕಾಲದ ಶುಕ್ರವಾರ ದೇವಾಲಯದ ನೆಲಮಾಳಿಗೆಯಲ್ಲಿ ಮೀನು ಹುರಿದು ಊರಿಗೆಲ್ಲ ಬಡಿಸುತ್ತಾರೆ, ಹತ್ತಿರದಲ್ಲಿರುವವರು ಬರುತ್ತಾರೆ. ಮೇ ತಿಂಗಳ ಕೊನೆಯ ಸೋಮವಾರ ಸ್ಮರಣೆಯ ದಿನ. ದೇಶಕ್ಕಾಗಿ ಮಡಿದ ಸೈನಿಕರ ನೆನಪಿಗೆಂದು ಹುಟ್ಟಿದ ಆ ದಿನ ಹಳ್ಳಿಗಳಲ್ಲಿ ಎಲ್ಲ ಹಿರಿಯರ ದಿನವಾಗಿದೆ. ಹೂ ಹಿಡಿದು ಮಕ್ಕಳು ಮೊಮ್ಮಕ್ಕಳು ಸಮಾಧಿಭೂಮಿಗೆ ಬರುತ್ತಾರೆ. ಕಮ್ಮಾರರು ಬಡಿದು ಮಾಡಿದ ಹಳೆಯ ಕಬ್ಬಿಣದ ಶಿಲುಬೆಗಳು ಅಲ್ಲಿ ಸಾಲಾಗಿವೆ.

ಆದರೆ, ಪ್ರಿಯರೇ, ಒಂದು ಮನೆಯ ಎಲ್ಲ ಮಕ್ಕಳೂ ತಪ್ಪದೆ ಒಟ್ಟಿಗೆ ಸೇರುವುದನ್ನು ನಾನು ಕಂಡದ್ದು ಇನ್ನೊಂದು ದಿನ. ತಾಯಿ ತೀರಿಕೊಂಡ ದಿನ. ಐದು ಗಂಟೆ ಕಾರು ಓಡಿಸಿ ಡೆನ್ವರಿನಿಂದ, ವಿಮಾನ ಹತ್ತಿ ಕ್ಯಾಲಿಫೋರ್ನಿಯದಿಂದ, ಕೆಲಸಕ್ಕೆ ರಜೆ ಇಲ್ಲವೆಂದವರೂ ರಜೆ ಹಾಕಿ ಬರುತ್ತಾರೆ. ಬಲಿಪೂಜೆ, ಸಮಾಧಿಕ್ರಿಯೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಊಟ. ಊರಿನ ಸ್ತ್ರೀಯರ ಸಂಘದವರು ಮುಂಜಾನೆಯೇ ಬಂದು ಆ ತಾಯಿ ಮಾಡುತ್ತಿದ್ದ ಅದೇ ಶಾವಿಗೆ ಸಾರು, ಅದೇ ಬೀರಾಕ್ ಮಾಡಿ ಬಡಿಸುತ್ತಾರೆ. ಬಹಳ ಒಳ್ಳೆಯ ಸೇವೆ ಅದು. ಹಸಿದವರಿಗೆ ಅನ್ನ, ಸತ್ತವರಿಗೆ ಮಣ್ಣು: ಕರುಣೆಯ ಎರಡು ಕಾರ್ಯಗಳು ಒಂದೇ ಮಧ್ಯಾಹ್ನ ನಡೆಯುತ್ತವೆ. ಮಕ್ಕಳು ತಿನ್ನುತ್ತ ಅಳುತ್ತಾರೆ, ಅಮ್ಮನ ಕೈರುಚಿ ಎನ್ನುತ್ತಾರೆ. ಎಷ್ಟೋ ಸಲ ಆ ಊಟದಲ್ಲಿ ಕೂತು, ಈ ಮೇಜು ಮೂರು ತಿಂಗಳ ಹಿಂದೆ ತುಂಬಿದ್ದರೆ ಅಡುಗೆ ಮಾಡುವವರು ಬೇರೆಯವರಾಗಿರುತ್ತಿದ್ದರಲ್ಲ ಎಂದುಕೊಂಡಿದ್ದೇನೆ.

ಅಲ್ಲಿ ಎಂಬತ್ತೆಂಟು ವರ್ಷದ ಒಬ್ಬ ವಿಧವೆ ಇದ್ದರು. ನಾಲ್ವರು ಮಕ್ಕಳು, ನಾಲ್ಕು ಊರು. ಮಕ್ಕಳು ಕೆಟ್ಟವರಲ್ಲ. ಪ್ರತಿ ಭಾನುವಾರ ಫೋನು, ಜನ್ಮದಿನಕ್ಕೆ ಹೂವು, ಚಳಿಗಾಲಕ್ಕೆ ಮುಂಚೆ ಮನೆಯ ಹೀಟರ್ ನೋಡಲು ಆಳನ್ನು ಗೊತ್ತುಮಾಡುವುದು, ಯಾವುದರಲ್ಲೂ ಕೊರತೆಯಿಲ್ಲ. ತಾಯಿಯೂ ಸುಮ್ಮನಿರುವವರಲ್ಲ. ಡಜನ್‌ಗಟ್ಟಲೆ ಬೀರಾಕ್ ಮಾಡಿ ಫ್ರೀಜರಿನಲ್ಲಿ ತುಂಬಿಡುತ್ತಿದ್ದರು. ಮಗನೋ ಮಗಳೋ ಆ ದಾರಿಯಾಗಿ ಹೋಗುವಾಗ ಬಂದು, ಎಂಜಿನ್ ಆರಿಸಿ ಅರ್ಧ ಗಂಟೆ ನಿಂತು ಮಾತಾಡಿ, ತಣ್ಣಗಿನ ಪೆಟ್ಟಿಗೆಗೆ ತುಂಬಿಕೊಂಡು ಹೊರಡುತ್ತಿದ್ದರು. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಕೊಡಲು ನಾನು ಅವರ ಮನೆಗೆ ಹೋಗುತ್ತಿದ್ದೆ. ಒಮ್ಮೆ ಅವರು ಬೀರಾಕ್ ಕೊಡಬಂದಾಗ, ಇನ್ನೂ ಮೂರು ಮನೆಗೆ ಹೋಗಬೇಕಾಗಿದ್ದರಿಂದ, ಪೊಟ್ಟಣ ಕಟ್ಟಿಕೊಡಿ ಎಂದೆ. ಅವರು ನನ್ನ ಮುಖ ನೋಡಿ, “ಫಾದರ್, ಕೂತು ತಿನ್ನಿ, ಕಟ್ಟಿಕೊಂಡು ಹೋಗಬೇಡಿ. ಕಟ್ಟಿಕೊಂಡು ಹೋಗುವವರು ನನಗೆ ನಾಲ್ವರಿದ್ದಾರೆ” ಎಂದರು. ದೂರಿನ ದನಿ ಅಲ್ಲ. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದರು.

ಫ್ರಾನ್ಸಿನ ಕಥೋಲಿಕ ದಾರ್ಶನಿಕ ಗಾಬ್ರಿಯೆಲ್ ಮಾರ್ಸೆಲ್ (1889–1973) ಇದನ್ನೇ ತತ್ವದ ಮಾತಿನಲ್ಲಿ ಹೇಳಿದ್ದಾರೆ. ಒಂದೇ ಕೋಣೆಯಲ್ಲಿ, ಕೈಗೆ ಎಟಕುವಷ್ಟು ಹತ್ತಿರ ಕೂತಿರುವ ವ್ಯಕ್ತಿ ನಮಗೆ ಇಲ್ಲದವನೇ ಆಗಿರಬಹುದು. ಅವನು ನಮ್ಮ ಮಾತು ಕೇಳಿಸಿಕೊಳ್ಳುತ್ತಾನೆ, ತನ್ನನ್ನು ಕೊಡುವುದಿಲ್ಲ. ಇರುವುದು ಬೇರೆ, ನಮಗಾಗಿ ಇರುವುದು ಬೇರೆ. ಮಾರ್ಸೆಲ್ಲರು ಬರೆಯುವಾಗ ಮೊಬೈಲ್ ಫೋನ್ ಇರಲಿಲ್ಲ. ಇಂದು ಊಟದ ಮೇಜಿನ ಸುತ್ತ ಎಲ್ಲರೂ ತಲೆತಗ್ಗಿಸಿರುವುದನ್ನು ಕಂಡವರಿಗೆ, ಅದು ಪ್ರಾರ್ಥನೆಯೋ ಫೋನೋ ಎಂದು ತಿಳಿಯಲು ಒಂದು ಕ್ಷಣ ಬೇಕು.

ಪ್ರಭು ಯೇಸು ಈ ವಿಷಯದಲ್ಲಿ ಒಮ್ಮೆ ಬಹಳ ಕಟುವಾಗಿ ಮಾತಾಡಿದರು. ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಮಾತು ಬರುತ್ತದೆ, ದೇವರಿಗೆ ಮುಡಿಪು ಎಂದು ಅರ್ಥ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪಾಗಿಟ್ಟಿದ್ದೇನೆಂದು ಹೇಳಿ ಕೈತೊಳೆದುಕೊಳ್ಳುವವರನ್ನು ಅವರು ಖಂಡಿಸಿದರು. ದೇವರ ಹೆಸರಿನಲ್ಲೂ ತಂದೆತಾಯಿಯ ಪಾಲನ್ನು ತಪ್ಪಿಸಲಾಗದೆಂದ ಮೇಲೆ, ಕಚೇರಿಯ ಹೆಸರಿನಲ್ಲಿ, ಮಕ್ಕಳ ಆಟದ ಪಂದ್ಯದ ಹೆಸರಿನಲ್ಲಿ ತಪ್ಪಿಸಬಹುದೇ? ನಮ್ಮ ಕಾಲದ ಕೊರ್ಬಾನ್ ಹಣವನ್ನು ತಪ್ಪಿಸುವುದಿಲ್ಲ. ಹಣ ಸರಿಯಾಗಿ ತಲಪುತ್ತದೆ. ತಪ್ಪುವುದು ಸಮಯ. ನಿಮ್ಮಲ್ಲಿ ಕೆಲವರ ಮಕ್ಕಳು ಅದೇ ಅಮೆರಿಕದಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುವುದೂ ಅವರಿಗೆ ಸುಲಭವಲ್ಲವೆಂಬುದು ನನಗೆ ಗೊತ್ತು. ನಾನು ಹೇಳುತ್ತಿರುವುದು ಬಂದಾಗಿನ ಮಾತು. ಹದಿನೈದು ದಿನದ ರಜೆಯಲ್ಲಿ ಹದಿಮೂರು ದಿನ ಸುತ್ತಾಟ, ಎರಡು ದಿನ ಮನೆ ಎಂದಾದರೆ ಅದನ್ನು ಮನೆಗೆ ಬಂದದ್ದೆಂದು ಹೇಗೆ ಹೇಳೋಣ? ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಕಾಣಹೋದಾಗ ಸುಮಾರು ಮೂರು ತಿಂಗಳು ಅಲ್ಲಿ ಉಳಿದರೆಂದು ಸಂತ ಲೂಕರು ಬರೆಯುತ್ತಾರೆ. ತುಂಬು ಗರ್ಭಿಣಿಯಾದ ಹಿರಿಯ ಬಂಧುವಿನ ಮನೆ. ಆ ತಿಂಗಳುಗಳಲ್ಲಿ ಏನೇನು ಕೆಲಸವಾಯಿತೆಂದು ಶುಭಸಂದೇಶ ಹೇಳುವುದಿಲ್ಲ. ಒಲೆಯ ಮುಂದೆ ಯಾರು ಕೂತಿದ್ದರೆಂದು ಊಹಿಸಲು ನಮ್ಮ ಮನೆಯ ಹೆಂಗಸರಿಗೆ ಯಾವ ಪಂಡಿತರ ನೆರವೂ ಬೇಡ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಾಲ್ಯದ ನೆನಪುಗಳನ್ನು ಹೇಳುವಾಗ ನಾವೆಲ್ಲ ಬೆಲ್ಲ ಹೆಚ್ಚಾಗಿ ಹಾಕುತ್ತೇವೆ. ಸಂತ ಅಗಸ್ತೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ನೆನಪನ್ನು ಮನಸ್ಸಿನ ಹೊಟ್ಟೆಗೆ ಹೋಲಿಸಿದ್ದಾರೆ. ಸಂತೋಷ ಮತ್ತು ದುಃಖ ಸಿಹಿ-ಕಹಿ ಆಹಾರದಂತೆ ಅಲ್ಲಿಗೆ ಇಳಿಯುತ್ತವೆ, ಒಳಗೆ ಹೋದ ಮೇಲೆ ಅವು ಇರುತ್ತವೆ, ರುಚಿ ಮಾತ್ರ ತಿಳಿಯುವುದಿಲ್ಲ. ದನ ಮೆಲುಕು ಹಾಕಿದಂತೆ ಮತ್ತೆ ಅವನ್ನು ಮೇಲಕ್ಕೆ ತರುತ್ತೇವೆ ಎಂದು ಬರೆದು, ಈ ಹೋಲಿಕೆ ನಗೆಪಾಟಲು ಎಂದೂ ಅವರೇ ಸೇರಿಸಿದ್ದಾರೆ. ನನಗೇನೋ ಅದು ನಗೆಪಾಟಲಾಗಿ ಕಾಣುವುದಿಲ್ಲ. ಗಂಜಿ, ರೊಟ್ಟಿಗಳ ಬುಟ್ಟಿ ಹೊತ್ತು ರಕ್ತಸಾಕ್ಷಿಗಳ ಸಮಾಧಿಗೆ ಹೋಗುತ್ತಿದ್ದ ತಾಯಿ ಮೋನಿಕರ ಮಗನಲ್ಲವೇ ಅವರು? ಕಹಿ ಉಂಡವನು ಬಹುಕಾಲದ ನಂತರ ಅದನ್ನು ಕಹಿಯಿಲ್ಲದೆ ನೆನೆಯಬಲ್ಲ. ಅದು ದೇವರ ಕೃಪೆ. ಆದರೆ ಕಹಿ ಇರಲೇ ಇಲ್ಲವೆಂದರೆ ಅದು ಸುಳ್ಳು.

ಆ ಹಳೆಯ ಅಡುಗೆಮನೆಗಳಲ್ಲಿ ಕಹಿ ಇತ್ತು. ಹತ್ತು ಹನ್ನೆರಡು ಮಕ್ಕಳನ್ನು ಹೆತ್ತು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನಾದಿ, ಗಂಡಸರೆಲ್ಲ ಉಂಡೆದ್ದ ಮೇಲೆ ಉಳಿದದ್ದನ್ನು ತಿಂದ ಹೆಂಗಸರ ಬೆನ್ನುನೋವಿನ ಮೇಲೆ ಆ ಸವಿನೆನಪು ನಿಂತಿದೆ. 1930ರ ದಶಕದ ದೂಳಿನ ಬಿರುಗಾಳಿಯ ವರ್ಷಗಳಲ್ಲಿ ಬೆಳೆ ಹೋಗಿ, ತಟ್ಟೆಯನ್ನು ಬೋರಲು ಹಾಕಿಟ್ಟು ಬಡಿಸುವ ಹೊತ್ತಿಗೆ ತಿರುಗಿಸಬೇಕಾಗಿತ್ತು, ಇಲ್ಲದಿದ್ದರೆ ಅನ್ನದ ಮೇಲೆ ದೂಳು. ಕುಡಿದು ಬಂದ ತಂದೆ, ಮಾತಿಲ್ಲದ ಊಟ, ಬೆಲ್ಟಿನ ಪೆಟ್ಟು, ಇವನ್ನೂ ಮುದುಕರು ನನಗೆ ಹೇಳಿದ್ದಾರೆ. ನಿಮ್ಮ ಮನೆಯ ಮೇಜು ಹಾಗಿದ್ದರೆ, ಅಲ್ಲಿಗೆ ಹಿಂತಿರುಗಲು ನಿಮ್ಮ ಕಾಲು ಏಳದಿದ್ದರೆ, ನಿಮ್ಮನ್ನು ಕೃತಘ್ನರೆನ್ನಲು ನಾನು ಯಾರು? ಅಂಥವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಮಕ್ಕಳು ಇಂದು ಕೂತಿರುವ ಮೇಜು ನಿಮ್ಮ ಕೈಯಲ್ಲಿದೆ. ಅವರ ನೆನಪಿನ ಹೊಟ್ಟೆಗೆ ಈ ರಾತ್ರಿಯ ಊಟವೂ ಇಳಿಯುತ್ತಿದೆ.

ಇನ್ನು ಜಗಳದ ಮಾತು. ಆ ಊರುಗಳಲ್ಲಿ ಕುಟುಂಬ ಒಡೆಯುವುದು ಹೆಚ್ಚಾಗಿ ನೆಲದಿಂದ. ಒಬ್ಬ ಮಗ ಊರಲ್ಲೇ ಉಳಿದು ಮೂವತ್ತು ವರ್ಷ ತಂದೆಯೊಡನೆ ದುಡಿದಿರುತ್ತಾನೆ. ಮೂವರು ಹೊರಗಿರುತ್ತಾರೆ. ತಂದೆ ಸತ್ತ ಮೇಲೆ ನಾಲ್ಕು ಸಮಪಾಲು ಮಾಡಿದರೆ ದುಡಿದವನಿಗೆ ಬದುಕಲು ಸಾಲದು, ಎಲ್ಲವನ್ನೂ ಅವನಿಗೆ ಬಿಟ್ಟರೆ ಉಳಿದವರು ಅನ್ಯಾಯವೆನ್ನುತ್ತಾರೆ. ಎರಡೂ ಕಡೆ ನ್ಯಾಯವಿದೆ, ಅದೇ ಕಷ್ಟ. ಜನರ ಗುಂಪಿನಲ್ಲಿ ಒಬ್ಬನು ಎದ್ದು, ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳಿ ಎಂದು ಕೇಳಿದಾಗ ಪ್ರಭು ಯೇಸು ನ್ಯಾಯಾಧಿಪತಿಯಾಗಲು ಒಪ್ಪಲಿಲ್ಲ. ಗುರುಗಳಾದ ನಮಗೂ ಅದು ಒಳ್ಳೆಯ ಮಾದರಿ. ಅಂಥ ಮನೆಗಳಲ್ಲಿ ವಕೀಲರ ಕಾಗದ ಓಡಾಡುತ್ತದೆ, ಕೃತಜ್ಞತಾ ಹಬ್ಬಕ್ಕೆ ಒಂದು ಕುರ್ಚಿ ಖಾಲಿ. ತಾಯಿ ಮಾತ್ರ ಆ ಕುರ್ಚಿಯ ಮುಂದೆಯೂ ತಟ್ಟೆ ಇಡುತ್ತಾಳೆ.

ನಮ್ಮಲ್ಲಿ ಇದು ಇಲ್ಲವೆಂದು ಹೇಳುವ ಧೈರ್ಯ ನಿಮಗಿದೆಯೇ? ಅರ್ಧ ಎಕರೆ ತೋಟಕ್ಕಾಗಿ ಅಣ್ಣತಮ್ಮಂದಿರು ಒಂದೇ ದೇವಾಲಯದಲ್ಲಿ ಎಡಬಲ ಕೂತು ಇಪ್ಪತ್ತು ವರ್ಷ ಮಾತಾಡದಿರುವುದನ್ನು ನೀವೂ ಕಂಡಿದ್ದೀರಿ. ಇಂಥವರು ನನ್ನ ಬಳಿ ಬಂದಾಗ ಮೊದಲು ಲೆಕ್ಕ ಸರಿಮಾಡೋಣ, ಆಮೇಲೆ ಒಟ್ಟಿಗೆ ಊಟ ಮಾಡುತ್ತೇವೆ ಎನ್ನುತ್ತಾರೆ. ತಿಬೇರಿಯದ ದಡದಲ್ಲಿ ನಡೆದದ್ದು ತಿರುವುಮುರುವು. ಪೇತ್ರರು ಕ್ಷಮೆ ಕೇಳಿದ ಮೇಲೆ ಮೀನು ಬಡಿಸುತ್ತೇನೆಂದು ಪ್ರಭು ಹೇಳಲಿಲ್ಲ. ಕೊರಿಂಥದಲ್ಲಿ ಕೆಲವರು ಮುಂಚೆಯೇ ಹೊಟ್ಟೆತುಂಬ ಉಂಡು, ಬಡವರು ಹಸಿದು ಉಳಿದಾಗ, ನಿಮ್ಮದು ಪ್ರಭುವಿನ ಭೋಜನವೇ ಅಲ್ಲವೆಂಬಷ್ಟು ಕಠಿಣವಾಗಿ ಸಂತ ಪೌಲರು ಬರೆದರು. ಪೀಠದ ಮೇಲಿನ ರೊಟ್ಟಿಗೂ ಮನೆಯ ಮೇಜಿನ ರೊಟ್ಟಿಗೂ ನಡುವೆ ನಾವು ಎಬ್ಬಿಸಿರುವ ಗೋಡೆಯನ್ನು ಅವರು ಕಂಡಿರಲಿಲ್ಲ. ಭಾನುವಾರ ಒಂದೇ ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದು ಅಣ್ಣನ ಮನೆಯ ಕಾಫಿ ಬೇಡವೆನ್ನುವುದು ಹೇಗೆ ಸಾಧ್ಯವೋ, ದೇವಶಾಸ್ತ್ರ ಓದಿದ ನನಗೂ ತಿಳಿಯದು. ನೆಲದ ನ್ಯಾಯ ನ್ಯಾಯಾಲಯದಲ್ಲಿ ಆಗಲಿ, ತಡೆಯಿಲ್ಲ. ಅದು ಮುಗಿಯುವ ತನಕ ತಾಯಿ ಬದುಕಿರುತ್ತಾಳೆಂದು ಯಾವ ನ್ಯಾಯಾಲಯವೂ ಬರೆದುಕೊಡುವುದಿಲ್ಲ. ಮೊದಲು ಹೋಗಿ ಊಟಕ್ಕೆ ಕೂರಿ.

ಆ ಜರ್ಮನ್ ಊರುಗಳಲ್ಲಿ ಹೊಸ ವರ್ಷದ ದಿನ ಹಿಂದೆ ಒಂದು ಸೊಗಸಾದ ಪದ್ಧತಿ ಇತ್ತು. ಮಕ್ಕಳು ಬೆಳಿಗ್ಗೆ ಎದ್ದು ಅಜ್ಜ ಅಜ್ಜಿಯ ಮನೆಗೆ, ಜ್ಞಾನತಂದೆ ಜ್ಞಾನತಾಯಿಯ ಮನೆಗೆ, ನೆರೆಯವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, ಬಾಯಿಪಾಠ ಮಾಡಿದ ಶುಭಾಶಯದ ಪದ್ಯವನ್ನು ಹಳೆಯ ನುಡಿಯಲ್ಲಿ ಒಪ್ಪಿಸುತ್ತಿದ್ದರು. ಸಿಹಿ ಮಿಠಾಯಿಯೋ ಒಂದು ನಾಣ್ಯವೋ ಸಿಗುತ್ತಿತ್ತು. ದೊಡ್ಡವರಿಗೆ ಒಂದು ಸಣ್ಣ ಲೋಟ ಮದ್ಯ. ಪದ್ಯದ ಅರ್ಥ ತಿಳಿಯದ ಮಕ್ಕಳೂ ಅದನ್ನು ಹೇಳಿದರು, ಅರ್ಥ ತಿಳಿದ ಮುದುಕರು ಕೇಳಿ ಕಣ್ಣೊರೆಸಿಕೊಂಡರು. ಪುಟ್ಟ ಕಾಲುಗಳು ಹಿರಿಯರ ಹೊಸ್ತಿಲಿಗೆ ನಡೆದು ಹೋಗಬೇಕು, ಹಿರಿಯರು ಅವರ ಕಡೆಗಲ್ಲ ಎಂಬುದು ಆ ಪದ್ಧತಿಯ ತಿರುಳು. ಇಂದು ಅದನ್ನು ಮಾಡುವ ಮನೆಗಳು ಕಡಿಮೆ.

ಧರ್ಮಕೇಂದ್ರದ ಸ್ತ್ರೀಯರು ದೇವಾಲಯದ ಖರ್ಚಿಗೆಂದು ಅಡುಗೆ ಪುಸ್ತಕ ಅಚ್ಚುಹಾಕಿ ಮಾರುವುದು ಅಮೆರಿಕದ ಅನೇಕ ಸಣ್ಣ ಊರುಗಳಲ್ಲಿ ಇದೆ. ಅಂಥ ಒಂದನ್ನು ತೆರೆದರೆ ಬೀರಾಕ್ ಮಾಡುವ ಕ್ರಮದಲ್ಲಿ ಹಿಟ್ಟಿನ ಅಳತೆಯ ಜಾಗದಲ್ಲಿ ‘ಬೇಕಾದಷ್ಟು’ ಎಂದಿರುತ್ತದೆ. ಓದಿದವರು ನಗುತ್ತಾರೆ. ಆದರೆ ಬರೆದವರು ಸತ್ಯವನ್ನೇ ಬರೆದಿದ್ದಾರೆ. ಗಾಳಿಯಲ್ಲಿ ತೇವ ಎಷ್ಟಿದೆ, ಆ ವರ್ಷದ ಗೋಧಿ ಹೇಗಿದೆ ಎಂಬುದರ ಮೇಲೆ ಅಳತೆ ಬದಲಾಗುತ್ತದೆ. ಅಭ್ಯಾಸದಿಂದ ಬರುವ ಸದ್ಗುಣವನ್ನು ಪುಸ್ತಕ ಓದಿ ಪಡೆಯಲಾಗದು, ಮಾಡಿ ಮಾಡಿಯೇ ಪಡೆಯಬೇಕೆಂದು ಅರಿಸ್ಟಾಟಲನನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಹಿಟ್ಟು ನಾದುವುದೂ ಹಾಗೆಯೇ.

ಆ ಎಂಬತ್ತೆಂಟರ ತಾಯಿಯ ಮೊಮ್ಮಗನೊಬ್ಬ ಹೇಸ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಒಂದು ಶನಿವಾರ ಅವನು ಬಂದ, ಕಟ್ಟಿಕೊಂಡು ಹೋಗಲು ಅಲ್ಲ, ಕಲಿಯಲು. ಕೈಯಲ್ಲಿ ನೋಟುಪುಸ್ತಕ, ಪೆನ್ನು. ಎಷ್ಟು ಹಿಟ್ಟು ಅಜ್ಜಿ ಎಂದು ಕೇಳಿದ. ಬೇಕಾದಷ್ಟು ಎಂದರು. ಬೇಕಾದಷ್ಟು ಎಂದರೆ ಎಷ್ಟು ಎಂದ. ಅಜ್ಜಿ ಅವನ ಕೈಯಿಂದ ಪೆನ್ನು ಕಿತ್ತು ಮೇಜಿನ ಮೇಲಿಟ್ಟು, ಹಿಟ್ಟಿನ ಮುದ್ದೆಯನ್ನು ಅವನ ಕೈಗೆ ಕೊಟ್ಟರು. ಅವನು ನಾದುತ್ತಿದ್ದಾಗ ಮೇಲಿಂದ ತಮ್ಮ ಸುಕ್ಕುಗಟ್ಟಿದ ಕೈಯಿಟ್ಟು ಒತ್ತಿ ನೋಡುತ್ತ, ಇನ್ನೂ ಇಲ್ಲ, ಇನ್ನೂ ಇಲ್ಲ, ಈಗ ನೋಡು ಎಂದರು. ಮೊದಲ ಸಲ ಸುಟ್ಟಾಗ ಅರ್ಧಕ್ಕರ್ಧ ಬೀರಾಕ್‌ಗಳ ಬೆಸುಗೆ ಬಿಟ್ಟು ಎಲೆಕೋಸು ತಟ್ಟೆಯ ತುಂಬ ಚೆಲ್ಲಿತು. ಮರುದಿನ ಬಲಿಪೂಜೆಯ ನಂತರ ನನ್ನನ್ನೂ ಕರೆದರು. ಒಡೆದುಹೋದ ಬೀರಾಕ್‌ಗಳನ್ನೇ ಬಿಸಿಮಾಡಿ ಬಡಿಸಿದರು. ಮೂವರೂ ಕೂತು ತಿಂದೆವು.